ಅಪ್‌ಡೇಟ್: ಕಾರವಾರದ ಹಳೇ ಮನೆಗೆ ಹೊಸ ಬಾಗಿಲು

ಚಿರೆಕಲ್ಲಿನ ಹಳೇ ಮನೆ, ಮಳೆಗಾಲದಲ್ಲಿ ಮುಂಬಾಗಿಲು ಉಬ್ಬಿ ಹಿಡಿಯುತ್ತದೆ, ಹೊಸದು ಹಾಕುವಾಗ ದಾರಂದವನ್ನೂ ಬದಲಿಸಬೇಕಾ ಎಂದು ಕೇಳಿದ್ದೆನಲ್ಲ? ಸಾಗವಾನಿ ಬಾಗಿಲು ಕೂತಿದೆ. ದಾರಂದ ಗಟ್ಟಿಯಿತ್ತು, ಹಾಗೇ ಉಳಿಸಿಕೊಂಡೆವು. ಆದರೆ ತೂಗುಗುಂಡು ಇಳಿಬಿಟ್ಟು ನೋಡಿದರೆ ಒಂದು ಬದಿ ವಾಲಿತ್ತು! ಆಚಾರಿಯವರು ಗೋಡೆ ಮುಟ್ಟಲಿಲ್ಲ. ಆ ಓರೆಗೆ ತಕ್ಕಂತೆ ಬಾಗಿಲಿನ ಅಂಚನ್ನೇ ಹೆರೆದರು. ಸುತ್ತ ಸುಮಾರು 3 ಮಿಲಿಮೀಟರ್ ಸಂದು, ಕೆಳಗೆ ಸ್ವಲ್ಪ ಜಾಸ್ತಿ.

ನನ್ನ ಪ್ರಕಾರ ಮುಂಭಾಗದ ಪಾಲಿಶ್‌ಗಿಂತ ಮುಖ್ಯ ಬಾಗಿಲಿನ ಮೇಲಿನ, ಕೆಳಗಿನ ಅಂಚುಗಳು. ಕಾಣೋದಿಲ್ಲ ಅಂತ ಸುಮ್ನೆ ಬಿಡ್ತಾರೆ, ಮರ ನೀರು ಹೀರೋದು ಅಲ್ಲೇ ಜಾಸ್ತಿ. ಕೂರಿಸುವ ಮೊದಲೇ ಅಲ್ಲಿಗೂ ವಾರ್ನಿಶ್ ಬಳಿಸಿದೆ. ಬಿಜಾಗರಿ, ಸ್ಕ್ರೂ ಎಲ್ಲ ಹಿತ್ತಾಳೆಯವು. ಸಮುದ್ರದ ಗಾಳಿಗೆ ಕಬ್ಬಿಣ ಬಾಳೋದಿಲ್ಲ, ಅಲ್ವಾ? ಚಿಲಕ ಮಾತ್ರ ಇನ್ನೂ ಹಾಕಿಸಬೇಕು.