ಸಹಾಯ ಬೇಕು: ಸಂಜಿ ಆದ್ರ ನೆಟ್ ಜಗ್ಗತದ

ನಮಸ್ಕಾರ್ರಿ. ರಾಯಚೂರಾಗ ನಮ್ಮನಿ, ಫೈಬರ್ ಕನೆಕ್ಷನ್ ಅದ. ಸಂಜಿ 7ರಿಂದ 10ರ ತನಕ ಗೇಮ್ ಆಡಾಕ ಕುಂತ್ರ 30 ಮಿಲಿಸೆಕೆಂಡ್ ಇದ್ದ ಪಿಂಗ್ (ಸರ್ವರ್‌ಗೆ ಹೋಗಿ ಬರೋ ಟೈಮು) ಒಮ್ಮೆಲೆ 600ಕ್ಕ ಜಿಗಿತದ, ಎರಡು ಸೆಕೆಂಡಿಗೆ ಮತ್ತ ಸರಿ. ಸ್ಪೀಡ್ ಟೆಸ್ಟ್ ಮಾತ್ರ ಚಂದ ತೋರಸ್ತದ!

ವೈಫೈ ಬಿಟ್ಟು ಲ್ಯಾನ್ ಕೇಬಲ್ ಹಾಕಿ ನೋಡೀನಿ, ಅದೇ ಹಣೆಬರಹ. ರೂಟರ್‌ಗೆ, ಅಂದ್ರ 192.168.1.1ಕ್ಕ ಪಿಂಗ್ ಕೊಟ್ರ 1 ಮಿಲಿಸೆಕೆಂಡ್ ದಾಟಲ್ಲ, ಹೊರಗ ಗೂಗಲ್‌ನ 8.8.8.8ಕ್ಕ ಕೊಟ್ರ ನಡುನಡುವೆ 'ರಿಕ್ವೆಸ್ಟ್ ಟೈಮ್ಡ್ ಔಟ್', ಅಂದ್ರ ಉತ್ತರನೇ ಬರಲ್ಲ. ಮನ್ಯಾಗ ಎಲ್ಲಾರ ಫೋನಿನ ನೆಟ್ ಬಂದ್ ಮಾಡಿಸಿದೆ (ಅವ್ವನ ಧಾರಾವಾಹಿ ನಿಂತು ಬೈಸ್ಕೊಂಡಿದ್ದೂ ಆತು), ಆದ್ರೂ ಹಂಗೇ.

ಕಂಪನಿಯವರು "ಬಿಸಿಲಿಗ್ರಿ, ಬಂದ್ ಮಾಡಿ ಚಾಲೂ ಮಾಡ್ರಿ" ಅಂತಾರ. ರಾತ್ರಿ 8ಕ್ಕ ಎಲ್ಲಿ ಬಿಸಿಲ್ರಿ?

ಯಾರಿಗರ ಹಿಂಗ ಆಗಿತ್ತೇನ್ರಿ? ಟ್ರೇಸ್‌ರೂಟ್ (ಡೇಟಾ ಯಾವ ದಾರಿ ಹಿಡಿದು ಹೋಗ್ತದ ಅನ್ನೋ ಪಟ್ಟಿ) ತಗದು ತೋರಿಸಿದ್ರ ಒಪ್ತಾರೇನು, ಇಲ್ಲಾ ಫೈಬರ್ ಡಬ್ಬಿನೇ ಬದಲಿಸ್ರಿ ಅಂತ ಕೇಳ್ಲೇನು?