ಪದಚರ್ಚೆ: ‘ನ್ಯೂಟ್ರಲ್ ಇಲ್ಲದ ಮನೆ’ ಅನ್ನಬಹುದೇ? ಸ್ವಿಚ್ಚಿನಿಂದ ಬಲ್ಬಿಗೆ ಹೋಗುವ ವೈರಿಗೆ ನಿಮ್ಮಲ್ಲಿ ಏನು ಹೆಸರು?

ಎಲ್ಲರಿಗೂ ನಮಸ್ಕಾರ.

ಹಳೆ ಮನೆಗಳಲ್ಲಿ ಸ್ಮಾರ್ಟ್ ಸ್ವಿಚ್ (ಫೋನಿನಿಂದಲೂ ದೀಪ ಹಾಕಿ ಆರಿಸಬಹುದಾದ ಸ್ವಿಚ್) ಹಾಕುವುದರ ಬಗ್ಗೆ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಓದುವವರು ಮಂಗಳೂರು, ಉಡುಪಿ ಕಡೆಯ ಮನೆಯವರು, ಮತ್ತೆ ಅವರ ಮನೆಗೆ ಕೆಲಸಕ್ಕೆ ಬರುವ ಎಲೆಕ್ಟ್ರಿಶಿಯನ್ನರು. ಕೆಲವು ಪದಗಳ ಹತ್ತಿರ ಬರವಣಿಗೆ ನಿಂತುಬಿಟ್ಟಿದೆ. ಇಲ್ಲಿ ಪದ ತಪ್ಪಿದರೆ ಯಾರೋ ತಪ್ಪು ವೈರಿಗೆ ಕೈ ಹಾಕುತ್ತಾರೆ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ಮೊದಲನೆಯದು ‘ನ್ಯೂಟ್ರಲ್ ಇಲ್ಲದ ಮನೆ’. ಸ್ಮಾರ್ಟ್ ಸ್ವಿಚ್ ಡಬ್ಬಿಗಳ ಮೇಲೆ ‘ನೋ ನ್ಯೂಟ್ರಲ್’ ಅಂತ ಇರುತ್ತದಲ್ಲ, ಅದನ್ನು ಕನ್ನಡದಲ್ಲಿ ಹೇಳುವವರು ಹೆಚ್ಚಾಗಿ ಹೀಗೇ ಹೇಳುತ್ತಾರೆ. ನನಗೆ ಇದು ಸರಿ ಕಾಣುವುದಿಲ್ಲ. ನ್ಯೂಟ್ರಲ್ ಇಲ್ಲದಿದ್ದರೆ ಆ ಮನೆಯಲ್ಲಿ ಒಂದು ಬಲ್ಬೂ ಉರಿಯುವುದಿಲ್ಲ. ಮೆಸ್ಕಾಂ ಮೀಟರಿನಿಂದ ಕರೆಂಟ್ ತರುವ ಫೇಸ್, ಅದು ವಾಪಸು ಹೋಗುವ ನ್ಯೂಟ್ರಲ್ ಎರಡೂ ಒಳಗೆ ಬಂದೇ ಬರುತ್ತವೆ. ಇಲ್ಲದಿರುವುದು ಸ್ವಿಚ್ ಬೋರ್ಡಿನೊಳಗೆ ಮಾತ್ರ.

ಉಡುಪಿಯ ಕಡಿಯಾಳಿಯಲ್ಲಿ ನಮ್ಮ ಚಿಕ್ಕಮ್ಮನ ಹಂಚಿನ ಮನೆ ಇದೆ. ಅಲ್ಲಿ ವೈರಿಂಗ್ ಮರದ ಪಟ್ಟಿಯೊಳಗೆ ಹೋಗಿದೆ. ಫೇಸ್, ನ್ಯೂಟ್ರಲ್ ಎರಡೂ ಮುಚ್ಚಿಗೆಯ ಉದ್ದಕ್ಕೂ ಓಡುತ್ತವೆ. ನ್ಯೂಟ್ರಲ್ ಒಂದು ದೀಪದಿಂದ ಇನ್ನೊಂದು ದೀಪಕ್ಕೆ ಮೇಲಿಂದ ಮೇಲೆಯೇ ಹೋಗುತ್ತದೆ. ಗೋಡೆಯ ಮೇಲೆ ಸ್ವಿಚ್ಚಿನವರೆಗೆ ಇಳಿಯುವುದು ಫೇಸ್ ಮಾತ್ರ. ಸ್ವಿಚ್ ದಾಟಿ ಅದು ಮತ್ತೆ ಮೇಲಕ್ಕೆ ಬಲ್ಬಿಗೆ ಹೋಗುತ್ತದೆ. ಬೋರ್ಡ್ ಬಿಚ್ಚಿ ನೋಡಿದ ಎಲೆಕ್ಟ್ರಿಶಿಯನ್ ಹೇಳಿದ ಮಾತು ಇದು: “ನ್ಯೂಟ್ರಲ್ ಇಲ್ಲ ಅಂತ ಬರಿಬೇಡಿ ಮಾರಾಯ್ರೆ. ಮೇಲೆ ಉಂಟು. ಕೆಳಗೆ ತಂದಿಲ್ಲ, ಅಷ್ಟೇ.”

ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ. ಕೆಳಗೆ ತರದೇ ಇರುವುದು ಕಳಪೆ ಕೆಲಸವೂ ಅಲ್ಲ. 1956ರ ಭಾರತೀಯ ವಿದ್ಯುತ್ ನಿಯಮಗಳ 32ನೇ ನಿಯಮದ ಪ್ರಕಾರ ನ್ಯೂಟ್ರಲ್ ಒಂದನ್ನೇ ಕತ್ತರಿಸುವ ಸ್ವಿಚ್ ಹಾಕುವಂತಿರಲಿಲ್ಲ. ಸ್ವಿಚ್ ಇರಬೇಕಾದದ್ದು ಫೇಸಿನಲ್ಲಿ. ಹಾಗಿರುವಾಗ ಬರೀ ದೀಪದ ಸ್ವಿಚ್ಚಿಗೆ ನ್ಯೂಟ್ರಲ್ ತಂದು ಮಾಡುವುದಾದರೂ ಏನು? ಆಗಿನ ಸ್ವಿಚ್ಚಿಗೆ ತನ್ನದೇ ಕರೆಂಟ್ ಬೇಕಿರಲಿಲ್ಲ. ಈಗಿನ ಸ್ಮಾರ್ಟ್ ಸ್ವಿಚ್ಚಿಗೆ ಬೇಕು. ದೀಪ ಆರಿದ್ದರೂ ಅದು ಫೋನಿನ ಮಾತಿಗೆ ಕಾಯುತ್ತಾ ಎಚ್ಚರ ಇರಬೇಕಲ್ವಾ? ಅಮೆರಿಕದ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್ 2011ರ ಆವೃತ್ತಿಯಲ್ಲಿ, ಕೆಲವು ವಿನಾಯಿತಿಗಳನ್ನು ಬಿಟ್ಟು, ದೀಪದ ಸ್ವಿಚ್ ಪೆಟ್ಟಿಗೆಗೂ ನ್ಯೂಟ್ರಲ್ ತನ್ನಿ ಅಂತ ಸೇರಿಸಿದರು.

ಇನ್ನೊಂದು ತೊಡಕು. ನಮ್ಮಲ್ಲಿ ಸ್ವಿಚ್ ಜೊತೆಗೆ ಪ್ಲಗ್ ಪಾಯಿಂಟ್ ಇರುವ ಬೋರ್ಡೇ ಜಾಸ್ತಿ. ಪ್ಲಗ್ ಇದ್ದಲ್ಲಿ ನ್ಯೂಟ್ರಲ್ ಇರಲೇಬೇಕು. ಅಂದರೆ ಒಂದೇ ಮನೆಯಲ್ಲಿ ಚಾವಡಿಯ ಬೋರ್ಡಿನಲ್ಲಿ ನ್ಯೂಟ್ರಲ್ ಇದ್ದು, ಮೆಟ್ಟಿಲ ಹತ್ತಿರದ ಒಂಟಿ ಸ್ವಿಚ್ಚಿನಲ್ಲಿ ಇಲ್ಲದಿರಬಹುದು. ಆಗ ‘ಮನೆ’ ಅನ್ನುವ ಪದವೇ ತಪ್ಪು ದಾರಿಗೆ ಎಳೆಯುತ್ತದೆ. ‘ನ್ಯೂಟ್ರಲ್ ಬಾರದ ಬೋರ್ಡ್’ ಅಂತ ಬರೆದರೆ ಹೇಗೆ? ‘ಇಲ್ಲದ’ ಅಂದಾಗ ಎಲ್ಲೂ ಇಲ್ಲ ಅನ್ನಿಸುತ್ತದೆ. ‘ಬಾರದ’ ಅಂದಾಗ ಬೇರೆಲ್ಲೋ ಇದೆ, ಇಲ್ಲಿಯವರೆಗೆ ತರಬಹುದು ಅನ್ನುವುದು ಅದರಲ್ಲೇ ಬರುತ್ತದೆ. ಚಿಕ್ಕಮ್ಮನ ಮನೆಯಲ್ಲಿ ಹಾಗೇ ಆಯಿತು. ಮರದ ಪಟ್ಟಿಯ ಮುಚ್ಚಳ ಎಬ್ಬಿಸಿ ಒಂದು ಕಪ್ಪು ವೈರ್ ಇಳಿಸಿದರು. ಗೋಡೆಯೊಳಗೆ ಪೈಪ್ ಹೂತ ಕಾಂಕ್ರೀಟ್ ಮನೆಯಲ್ಲಿ ಇಷ್ಟು ಸುಲಭ ಅಲ್ಲ. ಪೈಪು ಮೊದಲೇ ತುಂಬಿದ್ದರೆ ಹೊಸ ವೈರ್ ತೂರುವುದಿಲ್ಲ.

ಎರಡನೆಯ ಪದವೇ ನನಗೆ ಜಾಸ್ತಿ ಬೇಕಾಗಿರುವುದು. ಸ್ವಿಚ್ಚಿನಿಂದ ಬಲ್ಬಿಗೆ ಹೋಗುವ ವೈರಿಗೆ ಏನು ಹೇಳುತ್ತೀರಿ? ನಾನು ಮಾತಾಡಿಸಿದ ಎಲೆಕ್ಟ್ರಿಶಿಯನ್ ‘ರಿಟರ್ನ್’ ಅಂದರು. ಫೇಸ್ ಸ್ವಿಚ್ಚಿಗೆ ಬಂದು ವಾಪಸು ಮೇಲೆ ಹೋಗುತ್ತದೆ, ಹಾಗಾಗಿ ರಿಟರ್ನ್. ಅವರ ಲೆಕ್ಕಕ್ಕೆ ಅದು ಸರಿ. ಆದರೆ ಶಾಲೆಯಲ್ಲಿ ಸರ್ಕ್ಯೂಟ್ ಕಲಿತವರಿಗೆ ಕರೆಂಟ್ ವಾಪಸು ಹೋಗುವ ದಾರಿ ಅಂದರೆ ನ್ಯೂಟ್ರಲ್. ಒಂದೇ ಮಾತು ಇಬ್ಬರಿಗೆ ಎರಡು ವೈರ್ ತೋರಿಸುತ್ತದೆ.

ಇದರ ಅಪಾಯ ಬೋರ್ಡ್ ಬಿಚ್ಚಿದಾಗ ಗೊತ್ತಾಗುತ್ತದೆ. ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ತ್ ಅನ್ನುವುದು ನಮ್ಮ ರೂಢಿ. ಹಳೆ ಕೆಲಸದಲ್ಲಿ ಒಂದು ಕೆಂಪು, ಒಂದು ಕಪ್ಪು ವೈರನ್ನು ಜೋಡಿಯಾಗಿ ಸ್ವಿಚ್ಚಿಗೆ ಇಳಿಸಿರುತ್ತಾರೆ. ಅಲ್ಲಿ ಕಪ್ಪು ವೈರ್ ನ್ಯೂಟ್ರಲ್ ಅಲ್ಲ, ಬಲ್ಬಿಗೆ ಹೋಗುವ ವೈರ್. ಸ್ವಿಚ್ ಆಫ್ ಇದ್ದಾಗ ಟೆಸ್ಟರ್ ಇಟ್ಟರೆ ಅದರಲ್ಲಿ ಬೆಳಕು ಬರುವುದಿಲ್ಲ. ನ್ಯೂಟ್ರಲ್ಲಿನಲ್ಲೂ ಬರುವುದಿಲ್ಲ. ಬಣ್ಣವೂ ಒಂದೇ, ಟೆಸ್ಟರ್ ಹೇಳುವುದೂ ಒಂದೇ. ಸ್ವಿಚ್ ಹಾಕಿದ ಕೂಡಲೇ ಅದೇ ಕಪ್ಪು ವೈರಿನಲ್ಲಿ 230 ವೋಲ್ಟ್. ಕೈಪಿಡಿಯಲ್ಲಿ ಈ ವೈರಿಗೆ ತನ್ನದೇ ಹೆಸರು ಇರಲೇಬೇಕು ಅಂತ ನಾನು ಹಟ ಹಿಡಿದಿರುವುದು ಇದಕ್ಕೇ.

ನನಗೆ ಹೊಳೆದ ಜೋಡಿ ‘ಇಳಿಯುವ ವೈರ್’, ‘ಏರುವ ವೈರ್’. ಮೇಲಿನಿಂದ ಸ್ವಿಚ್ಚಿಗೆ ಬರುವ ಫೇಸ್ ಇಳಿಯುವುದು, ಸ್ವಿಚ್ಚಿನಿಂದ ಬಲ್ಬಿಗೆ ಹೋಗುವುದು ಏರುವುದು. ಹಂಚಿನ ಮನೆಯಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಮಂಗಳೂರಿನ ಬಿಜೈಯ ಫ್ಲ್ಯಾಟಿನಲ್ಲಿ ಇರುವವರಿಗೂ ಹೊಂದುತ್ತದೆಯೇ? ‘ಸ್ವಿಚ್ ವೈರ್’ ಅಂದರೆ ಸುಲಭ, ಆದರೆ ಸ್ವಿಚ್ಚಿಗೆ ತಾಗಿದ ಎರಡನ್ನೂ ಜನ ಹಾಗೇ ಕರೆಯುತ್ತಾರೆ. ‘ಬಲ್ಬಿನ ವೈರ್’ ಅಂದರೂ ಅದೇ ಪಾಡು, ಬಲ್ಬಿನ ಹೋಲ್ಡರಿಗೆ ನ್ಯೂಟ್ರಲ್ಲೂ ಬರುತ್ತದೆ.

ಇನ್ನು ‘ನ್ಯೂಟ್ರಲ್’ ಅನ್ನುವುದಕ್ಕೇ ಬರುತ್ತೇನೆ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಸಜೀವ ತಂತಿ, ತಟಸ್ಥ ತಂತಿ ಅಂತ ಇದೆ. ಕೈಪಿಡಿಯಲ್ಲಿ ನಾನು ‘ತಟಸ್ಥ’ ಬಳಸುವುದಿಲ್ಲ. ತಟ ಅಂದರೆ ದಡ. ದಡದ ಮೇಲೆ ನಿಂತವನು, ಯಾವುದಕ್ಕೂ ಸೇರದವನು ತಟಸ್ಥ. ಈ ವೈರ್ ಹಾಗಿಲ್ಲ. ದೀಪ ಉರಿಯುವಾಗ ಫೇಸಿನಲ್ಲಿ ಎಷ್ಟು ಕರೆಂಟ್ ಹರಿಯುತ್ತದೋ ಇದರಲ್ಲೂ ಅಷ್ಟೇ ಹರಿಯುತ್ತದೆ. ಇದು ಎಲ್ಲಾದರೂ ಕಡಿದುಹೋದರೆ ಬಲ್ಬ್ ಆರುತ್ತದೆ, ಆದರೆ ಬಲ್ಬಿಗೆ ತಾಗಿ ಉಳಿದ ತುಂಡಿಗೆ ಬಲ್ಬಿನ ಮೂಲಕವೇ ಕರೆಂಟ್ ಬಂದು ನಿಂತಿರುತ್ತದೆ. ಮುಟ್ಟಿದರೆ ಹೊಡೆಯುತ್ತದೆ. ‘ತಟಸ್ಥ’ ಅಂತ ಓದಿದವರು ಇದಕ್ಕೆ ಹೆದರುತ್ತಾರೆಯೇ? ನ್ಯೂಟ್ರಲ್ ಅನ್ನುವ ಪದ ಅಂಗಡಿಯಲ್ಲೂ ಮನೆಯಲ್ಲೂ ಎಲ್ಲರಿಗೂ ಗೊತ್ತು, ಅದೇ ಇರಲಿ. ಅರ್ತ್ ಕೂಡ ಹಾಗೇ. ನ್ಯೂಟ್ರಲ್ ಸಿಗದಿದ್ದರೆ ಅರ್ತಿಗೆ ಕೊಡಿ ಅನ್ನುವವರಿದ್ದಾರೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಅರ್ತ್ ಇರುವುದು ಜೀವ ಉಳಿಸಲು, ದಿನಾ ಕರೆಂಟ್ ಹೊರಲು ಅಲ್ಲ.

ಕೊನೆಯದಾಗಿ, ‘ಸೋರು’ ಮತ್ತು ‘ಜಿನುಗು’. ನ್ಯೂಟ್ರಲ್ ಬೇಡದ ಸ್ಮಾರ್ಟ್ ಸ್ವಿಚ್ ಕೆಲಸ ಮಾಡುವುದು ಹೇಗೆಂದರೆ, ದೀಪ ಆಫ್ ಇದ್ದಾಗಲೂ ಬಲ್ಬಿನ ಮೂಲಕ ಚೂರೇ ಚೂರು ಕರೆಂಟ್ ಎಳೆದುಕೊಂಡು ಬದುಕುತ್ತದೆ. ಇಂಥವುಗಳಲ್ಲಿ ವೈಫೈಗಿಂತ, ಅದರಂತೆಯೇ ವೈರಿಲ್ಲದೆ ಸಂಪರ್ಕ ಕೊಡುವ ಝಿಗ್‌ಬೀ ಹೆಚ್ಚಾಗಿ ಕಾಣುವುದೂ ಅದಕ್ಕೇ, ಅದಕ್ಕೆ ಕಡಿಮೆ ಕರೆಂಟ್ ಸಾಕು. ಕನ್ನಡದ ಒಂದು ವಿವರಣೆಯಲ್ಲಿ ಇದನ್ನು ‘ಸೋರಿಕೆ’ ಅಂತ ಬರೆದದ್ದು ನೋಡಿದೆ. ಸೋರುವುದು ಅಂದರೆ ಹಂಚು ಒಡೆದು ನೀರು ಬಿದ್ದಂತೆ, ಎಲ್ಲೋ ಕೆಟ್ಟಿದೆ ಅಂತ ಅರ್ಥ. ಕರೆಂಟ್ ಮೈಯಿಂದಲೋ ಒದ್ದೆ ಗೋಡೆಯಿಂದಲೋ ನೆಲಕ್ಕೆ ಹೋದರೆ ಅದು ಸೋರಿಕೆ. ಫೇಸಿನಲ್ಲಿ ಹೋದದ್ದಕ್ಕೂ ನ್ಯೂಟ್ರಲ್ಲಿನಲ್ಲಿ ಬಂದದ್ದಕ್ಕೂ ವ್ಯತ್ಯಾಸ ಕಂಡಾಗ, ಕರೆಂಟನ್ನು ತಾನಾಗಿ ಕಡಿಯುವ ಸುರಕ್ಷತೆಯ ಸ್ವಿಚ್ಚಾದ ಆರ್‌ಸಿಸಿಬಿ ಬೀಳುವುದು ಅದಕ್ಕೆ. ಮನೆಗಳಿಗೆ ಸಾಮಾನ್ಯವಾಗಿ ಹಾಕುವುದು 30 ಮಿಲಿಆಂಪಿಯರ್ ವ್ಯತ್ಯಾಸಕ್ಕೆ ಬೀಳುವಂಥದು. ಬಲ್ಬಿನ ಮೂಲಕ ಬರುವ ಈ ಚೂರು ಕರೆಂಟ್ ನ್ಯೂಟ್ರಲ್ಲಿಗೇ ಸೇರುತ್ತದೆ, ಆರ್‌ಸಿಸಿಬಿಗೆ ಅದು ಲೆಕ್ಕಕ್ಕಿಲ್ಲ. ಇದಕ್ಕೆ ‘ಜಿನುಗು’ ಸರಿ ಅಂತ ನನ್ನ ಅಭಿಪ್ರಾಯ.

ಜಿನುಗುವ ಕರೆಂಟಿಗೆ ಹಳೆಯ 60 ವಾಟಿನ ಬಲ್ಬ್ ಅಲುಗುತ್ತಿರಲಿಲ್ಲ. ಎಲ್‌ಇಡಿ ಹಾಗಲ್ಲ. ಕೆಲವು ಆರಿಸಿದ ಮೇಲೂ ಮಂದವಾಗಿ ಉರಿಯುತ್ತಾ ಇರುತ್ತವೆ. ಇನ್ನು ಕೆಲವು ಒಳಗಿನ ಕೆಪಾಸಿಟರ್ (ಕರೆಂಟ್ ಕೂಡಿಡುವ ಬಿಡಿಭಾಗ) ತುಂಬಿದಾಗಲೆಲ್ಲ ಒಮ್ಮೆ ಮಿಂಚಿ ಆರುತ್ತವೆ. ಮೊದಲನೆಯದಕ್ಕೆ ‘ಮಿಣುಕು’, ಎರಡನೆಯದಕ್ಕೆ ‘ಮಿಟುಕು’ ಅಂತ ಬರೆದುಕೊಂಡಿದ್ದೇನೆ. ಎರಡಕ್ಕೂ ಮದ್ದು ಒಂದೇ, ಬಲ್ಬಿನ ಹತ್ತಿರ ಏರುವ ವೈರಿಗೂ ನ್ಯೂಟ್ರಲ್ಲಿಗೂ ನಡುವೆ ಒಂದು ಬೈಪಾಸ್ (ಜಿನುಗುವ ಕರೆಂಟನ್ನು ಬಲ್ಬಿನ ಪಕ್ಕದಿಂದ ದಾಟಿಸುವ ಸಣ್ಣ ಬಿಡಿಭಾಗ) ಹಾಕುವುದು. ಬೈಪಾಸಿಗೆ ಕನ್ನಡ ಪದ ಹುಡುಕಲಿಲ್ಲ. ‘ಅಡ್ಡದಾರಿ’ಗೆ ಬೇರೆಯೇ ಅರ್ಥ ಬಂದುಬಿಡುತ್ತದೆ.

ಬಲ್ಲವರು ಮುಖ್ಯವಾಗಿ ಏರುವ ವೈರಿನ ಬಗ್ಗೆ ಬರೆಯಿರಿ. ನಿಮ್ಮ ಮನೆಗೆ ಬರುವ ಎಲೆಕ್ಟ್ರಿಶಿಯನ್ ಅದನ್ನು ಏನೆನ್ನುತ್ತಾರೆ ಅಂತ ಕೇಳಿ, ಅವರು ಹೇಳಿದ ಹಾಗೆಯೇ ತಿಳಿಸಿ. ತುಳುವಿನಲ್ಲೋ ಕುಂದಾಪುರ ಕನ್ನಡದಲ್ಲೋ ಬೇರೆ ಹೆಸರಿದ್ದರೆ ಅದೂ ಬೇಕು. ಹಾಗೆಯೇ ಮಿಣುಕು, ಮಿಟುಕು ಎರಡನ್ನೂ ನಿಮ್ಮ ಕಡೆ ನಾನು ಹೇಳಿದ ಹಾಗೆ ಬೇರೆ ಬೇರೆಯಾಗಿ ಬಳಸುತ್ತಾರೆಯೇ, ಅಥವಾ ಒಂದೇ ಅರ್ಥಕ್ಕೆ ಹೇಳುತ್ತಾರೆಯೇ?