ಷಿಯಾನ್‌ನಲ್ಲಿ ಒಂದು ವಾರಾಂತ್ಯ: ಹೋಗಿಬಂದವರ ಅನುಭವ ಬೇಕಾಗಿದೆ

ಪ್ರಶ್ನೆ

ಕಂಪನಿಯ ಕೆಲಸದ ಮೇಲೆ ಕೆಲವು ತಿಂಗಳ ಮಟ್ಟಿಗೆ ಬೀಜಿಂಗ್‌ಗೆ ಬಂದಿರುವ ಎಂಜಿನಿಯರ್ ನಾನು. ವಯಸ್ಸು ಇಪ್ಪತ್ತೈದರ ಆಸುಪಾಸು. ಶುಕ್ರವಾರ ರಾತ್ರಿ ಷಿಯಾನ್ ತಲುಪಿ ಭಾನುವಾರ ಸಂಜೆ ಹಿಂದಿರುಗುವ ಯೋಚನೆಯಿದೆ. ಚೀನಾದ ಮೊದಲ ಚಕ್ರವರ್ತಿಯ ಸಮಾಧಿಯ ಬಳಿ ಹೂತಿಟ್ಟಿದ್ದ ಮಣ್ಣಿನ ಸೈನಿಕರನ್ನು ನೋಡುವುದು ಖಚಿತ. ಉಳಿದ ಹೊತ್ತನ್ನು ಹೇಗೆ ಹೊಂದಿಸಿಕೊಳ್ಳಬೇಕು, ರಾತ್ರಿ ಎಲ್ಲಿ ಸುತ್ತಾಡಬಹುದು, ಸಸ್ಯಾಹಾರಿಯಾದ ನನಗೆ ಊಟ ಸಿಕ್ಕೀತೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಅಲ್ಲಿ ವೈದ್ಯಕೀಯ ಓದಿದವರೊಬ್ಬರ ಉತ್ತರ

ವಸತಿಯನ್ನು ಹಳೆಯ ಕೋಟೆಗೋಡೆಯ ಒಳಗೆ, ಯೋಂಗ್‌ನಿಂಗ್‌ಮೆನ್ ಎಂಬ ದಕ್ಷಿಣ ದ್ವಾರದ ಹತ್ತಿರವೇ ಹಿಡಿಯಿರಿ. ಹೈಸ್ಪೀಡ್ ರೈಲು ನಿಲ್ಲುವ ಉತ್ತರ ನಿಲ್ದಾಣದಿಂದ ಮೆಟ್ರೊದ 2ನೇ ಮಾರ್ಗ ನೇರವಾಗಿ ಅಲ್ಲಿಗೇ ಬರುತ್ತದೆ. ಘಂಟಾ ಗೋಪುರ, ನಗಾರಿ ಗೋಪುರ, ಮುಸ್ಲಿಂ ಬೀದಿ ಎಲ್ಲವೂ ನಡೆದು ಹೋಗುವಷ್ಟು ದೂರದಲ್ಲಿವೆ. ಮೆಟ್ರೊ ರಾತ್ರಿ ಹನ್ನೊಂದರ ಸುಮಾರಿಗೆ ನಿಂತುಹೋಗುವುದರಿಂದ ತಡರಾತ್ರಿಯವರೆಗೆ ಹೊರಗಿರುವವರಿಗೆ ಇದಕ್ಕಿಂತ ಅನುಕೂಲದ ಜಾಗವಿಲ್ಲ. ಸಣ್ಣ ಹೋಟೆಲುಗಳಲ್ಲಿ ವಿದೇಶಿಯರನ್ನು ಸೇರಿಸಿಕೊಳ್ಳುತ್ತಾರೆಯೇ ಎಂಬುದನ್ನು ಮುಂಗಡ ಕೊಡುವ ಮೊದಲೇ ಕೇಳಿಕೊಳ್ಳಿ.

ಶನಿವಾರ ನಸುಕಿನಲ್ಲೇ ಎದ್ದು, ನಗರದ ಪೂರ್ವಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ ಮಣ್ಣಿನ ಸೈನಿಕರಿರುವ ಲಿಂಟೋಂಗ್‌ಗೆ ಹೊರಡಿ. ಟಿಕೆಟ್ ಪಾಸ್‌ಪೋರ್ಟಿನ ಹೆಸರಿನಲ್ಲೇ ಇರಬೇಕಾದ್ದರಿಂದ ಮುಂಚಿತವಾಗಿ ಕಾಯ್ದಿರಿಸುವುದು ಒಳ್ಳೆಯದು. 1974ರಲ್ಲಿ ಬಾವಿ ತೋಡುತ್ತಿದ್ದ ರೈತರ ಗುದ್ದಲಿಗೆ ತಾಗಿ ಬೆಳಕಿಗೆ ಬಂದ ಈ ಸೇನೆ ಮೂರು ಗುಂಡಿಗಳಲ್ಲಿ ಹರಡಿಕೊಂಡಿದೆ. ಚಿಕ್ಕ ಗುಂಡಿಗಳನ್ನು ಮೊದಲು ನೋಡಿ ದೊಡ್ಡದನ್ನು ಕೊನೆಗೆ ಉಳಿಸಿಕೊಳ್ಳಬೇಕೆಂದು ಹಲವರು ಸಲಹೆ ಕೊಡುತ್ತಾರೆ. ನಾನಂತೂ ಬಾಗಿಲು ತೆರೆದೊಡನೆ 1ನೇ ಗುಂಡಿಗೇ ಹೋಗಿ ಎನ್ನುತ್ತೇನೆ, ಏಕೆಂದರೆ ಹೊತ್ತು ಏರಿದ ಮೇಲೆ ಮುಂಭಾಗದ ಕಟಕಟೆಗೆ ಜನ ಸಾಲುಸಾಲಾಗಿ ಒತ್ತಿ ನಿಂತಿರುತ್ತಾರೆ, ಮುಂದಿನವರು ಎತ್ತಿ ಹಿಡಿದ ಫೋನುಗಳ ನಡುವೆ ಇಣುಕಿ ನೋಡಬೇಕಾಗುತ್ತದೆ. ಅದೇ ಗುಂಡಿಯ ಹಿಂಭಾಗಕ್ಕೂ ತಪ್ಪದೆ ಹೋಗಿ. ಅಲ್ಲಿ ದುರಸ್ತಿಯಲ್ಲಿರುವ ಸೈನಿಕರು, ಕೆಲವರು ತಲೆಯಿಲ್ಲದೆ, ಕೆಲವರು ಪ್ಲಾಸ್ಟಿಕ್ ಸುತ್ತಿಸಿಕೊಂಡು, ಚೀಟಿ ಕಟ್ಟಿಸಿಕೊಂಡು ನಿಂತಿರುತ್ತಾರೆ. ನನಗೆ ಸಿದ್ಧ ಸಾಲುಗಳಿಗಿಂತ ಇವರೇ ಹೆಚ್ಚು ಇಷ್ಟ. ದಾರಿಯಲ್ಲಿ ಅಡ್ಡ ಬಂದು ಕರೆಯುವ ಟ್ಯಾಕ್ಸಿಗಳನ್ನು ಹತ್ತಬೇಡಿ, ಅವು ಮೊದಲು ಗೊಂಬೆ ಮಾರುವ ಅಂಗಡಿಗಳಲ್ಲೇ ನಿಲ್ಲುವ ಸಂಭವ ಹೆಚ್ಚು.

ಮಧ್ಯಾಹ್ನ ಹಿಂತಿರುಗಿ ವಿಶ್ರಮಿಸಿ, ಸಂಜೆ ಕೋಟೆಗೋಡೆಯ ಮೇಲೆ ಬಾಡಿಗೆ ಸೈಕಲ್ ಹಿಡಿಯಿರಿ. ಮಿಂಗ್ ಕಾಲದ ಈ ಗೋಡೆಯ ಸುತ್ತಳತೆ 13.7 ಕಿಲೋಮೀಟರ್. ಇಟ್ಟಿಗೆಯ ಹಾಸಿನಿಂದಾಗಿ ಸೈಕಲ್ ಕುಲುಕುತ್ತದೆಯಾದರೂ ದೀಪ ಹೊತ್ತಿಕೊಳ್ಳುವ ಹೊತ್ತಿನಲ್ಲಿ ಮೇಲಿರುವುದು ಸೊಗಸು. ಕೆಳಗಿಳಿದರೆ ದಕ್ಷಿಣ ದ್ವಾರದ ಪಕ್ಕದಲ್ಲೇ ಡೆಫೂ ಗಲ್ಲಿ ಇದೆ; ಸಾಲಾಗಿ ಚಿಕ್ಕ ಬಾರುಗಳು, ಗಿಟಾರ್ ಹಿಡಿದು ಹಾಡುವವರು. ದೊಡ್ಡ ಕ್ಲಬ್ಬುಗಳಲ್ಲಿ ಮೇಜಿಗೇ ಕನಿಷ್ಠ ಮೊತ್ತ ಕೇಳುವುದುಂಟು, ಒಬ್ಬರೇ ಹೋಗುವವರಿಗೆ ಅದು ದುಬಾರಿ. ವಿದೇಶಿಯರೆಂದು ಪುಕ್ಕಟೆ ಕುಡಿಸಲು ಕರೆಯುವವರೂ ಸಿಗುತ್ತಾರೆ. ನಿಮ್ಮ ಕಣ್ಣೆದುರೇ ತೆರೆದ ಬಾಟಲಿಯಿಂದಲ್ಲದೆ ಏನನ್ನೂ ಕುಡಿಯಬೇಡಿ. ದೊಡ್ಡ ಗೂಸ್ ಪಗೋಡ ಎಂಬ ಹಳೆಯ ಬೌದ್ಧ ಗೋಪುರವನ್ನು ಸಮಯವಿಲ್ಲದಿದ್ದರೆ ಬಿಟ್ಟುಬಿಡಬಹುದು.

ಮತ್ತೊಬ್ಬರ ಉತ್ತರ

ಮೇಲಿನ ಕೊನೆಯ ಮಾತನ್ನು ನಾನು ಒಪ್ಪಲಾರೆ. ಇಮ್ಮಡಿ ಪುಲಿಕೇಶಿಯ ರಾಜ್ಯವನ್ನು ಕಂಡು, ಅಲ್ಲಿನ ಯೋಧರ ಸ್ವಾಭಿಮಾನವನ್ನೂ, ಮದ್ಯ ಕುಡಿಸಿ ಯುದ್ಧಕ್ಕೆ ಬಿಡುತ್ತಿದ್ದ ಆನೆಗಳನ್ನೂ, ಹರ್ಷವರ್ಧನನಿಗೂ ಆ ರಾಜ್ಯ ಮಣಿಯದಿದ್ದುದನ್ನೂ ಬರೆದಿಟ್ಟ ಹ್ಯೂಯೆನ್ ತ್ಸಾಂಗ್ 645ರಲ್ಲಿ ಹಿಂತಿರುಗಿದ್ದು ಇದೇ ಊರಿಗೆ, ಅಂದಿನ ಚಾಂಗ್‌ಆನ್‌ಗೆ. ಭಾರತದಿಂದ ತಂದ ಗ್ರಂಥಗಳನ್ನು ಕಾಪಾಡಲೆಂದು 652ರಲ್ಲಿ ಕಟ್ಟಿಸಿದ್ದೇ ಆ ಪಗೋಡ. ಶಾಲೆಯ ಇತಿಹಾಸ ಪಾಠದಲ್ಲಿ ಆ ಹೆಸರನ್ನು ಬಾಯಿಪಾಠ ಮಾಡಿದ ಕನ್ನಡಿಗರು ಅಲ್ಲಿಯವರೆಗೂ ಹೋಗಿ ಅದನ್ನು ನೋಡದೆ ಬರುವುದೆಂದರೆ ಏನು ಹೇಳೋಣ! ದಕ್ಷಿಣದ ಚೌಕದಲ್ಲಿ ಅವನ ಎತ್ತರದ ಪ್ರತಿಮೆಯಿದೆ. ಭಾನುವಾರ ಬೆಳಗ್ಗೆ ದೇವಾಲಯದ ಆವರಣದ ಒಳಗೆ ಹೋಗಿ, ಒಂದೆರಡು ಗಂಟೆ ಸಾಕು.

ಒಬ್ಬರೇ ಪ್ರವಾಸ ಹೋಗಿಬಂದ ಮಹಿಳೆಯೊಬ್ಬರ ಉತ್ತರ

ಪಗೋಡದ ದಕ್ಷಿಣಕ್ಕೆ ಚಾಚಿರುವ ದಾತಾಂಗ್ ಬುಯೆಚೆಂಗ್ ಎಂಬ ಪಾದಚಾರಿ ಬೀದಿಗೆ ಮಾತ್ರ ರಾತ್ರಿಯೇ ಹೋಗಬೇಕು. ಶುಕ್ರವಾರ ಬೇಗ ತಲುಪಿದರೆ ಅಂದೇ, ಇಲ್ಲವಾದರೆ ಶನಿವಾರ ಬಾರುಗಳ ಬದಲಿಗೆ. ತಾಂಗ್ ಕಾಲದ ಉಡುಪನ್ನು ಬಾಡಿಗೆಗೆ ಪಡೆದು, ಜಡೆಯನ್ನು ಗೋಪುರದಂತೆ ಕಟ್ಟಿಸಿಕೊಂಡು, ಹಣೆಗೆ ಕೆಂಪು ಚಿತ್ತಾರ ಬರೆಸಿಕೊಂಡ ಯುವತಿಯರು, ಅವರ ಹಿಂದೆ ದೀಪ ಹಿಡಿದು ಓಡುವ ಛಾಯಾಗ್ರಾಹಕರು ಬೀದಿಯ ತುಂಬ ಇರುತ್ತಾರೆ. ತಳಕ್ಕೆ ಭಾರ ಕಟ್ಟಿದ ಪೀಠದ ಮೇಲೆ ನಿಂತು, ನೆಲದ ಕಡೆಗೆ ಬಾಗಿ ಪ್ರೇಕ್ಷಕರತ್ತ ಕೈ ಚಾಚಿ ಮತ್ತೆ ನೆಟ್ಟಗಾಗುವ ಕಲಾವಿದೆಯ ಪ್ರದರ್ಶನ ಇಲ್ಲಿಂದಲೇ 2019ರಲ್ಲಿ ದೇಶವಿಡೀ ಹೆಸರಾಯಿತು. ಗದ್ದಲ ಬಹಳ, ಸ್ವಲ್ಪ ಅಬ್ಬರವೂ ಹೌದು. ಆದರೆ ತಡರಾತ್ರಿಯಲ್ಲೂ ನನಗೆ ಅಂಜಿಕೆಯೆನಿಸಲಿಲ್ಲ.

ಊಟದ ವಿಷಯ: ಮುಸ್ಲಿಂ ಬೀದಿಯಲ್ಲಿ ಕುರಿ ಮತ್ತು ದನದ ಮಾಂಸದ್ದೇ ರಾಜ್ಯ. ಸಸ್ಯಾಹಾರಿಗಳಿಗೆ ಲಿಯಾಂಗ್‌ಪಿ ಎಂಬ ತಣ್ಣನೆಯ, ಹುಳಿ-ಖಾರದ ಅಗಲ ಶ್ಯಾವಿಗೆ, ಖರ್ಜೂರದಂಥ ಹಣ್ಣು ಬೆರೆಸಿ ಹಬೆಯಲ್ಲಿ ಬೇಯಿಸಿದ ಅಂಟಕ್ಕಿಯ ಸಿಹಿ, ಕಾಕಿ (ಪರ್ಸಿಮನ್) ಹಣ್ಣಿನ ಕರಿದ ಬಿಲ್ಲೆಗಳು ಸಿಗುತ್ತವೆ. ಮಾಂಸ ಬೇಡವೆಂದರಷ್ಟೇ ಸಾಲದು. ಮಾಂಸದ ಸಾರು, ಕೊಬ್ಬು, ಮೀನು ಯಾವುದೂ ಬೇಡವೆಂದು ಚೀನಿಯಲ್ಲಿ ಬರೆಸಿಟ್ಟುಕೊಂಡು ಫೋನಿನಲ್ಲಿ ತೋರಿಸಿ.

ಕೊನೆಯ ಉತ್ತರ

ಬೀಜಿಂಗ್‌ನಿಂದ ವೇಗದ ಗಾಡಿಗಳು ನಾಲ್ಕೂವರೆ ಗಂಟೆಯ ಆಸುಪಾಸಿನಲ್ಲಿ ತಲುಪಿಸುತ್ತವೆ, ಹೆಚ್ಚು ಕಡೆ ನಿಲ್ಲುವವು ಐದಾರು ಗಂಟೆ ಹಿಡಿಯುತ್ತವೆ. ಶುಕ್ರವಾರ ಕಚೇರಿ ಮುಗಿಸಿ ಹೊರಟರೆ ಕೊನೆಯ ಮೆಟ್ರೊ ತಪ್ಪಬಹುದಾದ್ದರಿಂದ ಹಣ ಪಾವತಿಯ ಆ್ಯಪ್ ಅಲಿಪೇಯಲ್ಲೇ ದೊರೆಯುವ ದೀದಿ ಟ್ಯಾಕ್ಸಿಯನ್ನು ಸಿದ್ಧವಾಗಿಟ್ಟುಕೊಳ್ಳಿ. ಅಕ್ಟೋಬರ್ 1ರಿಂದ ಆರಂಭವಾಗುವ ರಾಷ್ಟ್ರೀಯ ರಜೆಗೆ ನಿಮ್ಮ ವಾರಾಂತ್ಯ ತಗುಲಿಕೊಂಡಿದ್ದರೆ ದಿನಾಂಕವನ್ನೇ ಬದಲಿಸಿ. ಆ ದಿನಗಳಲ್ಲಿ ರೈಲಿನ ಟಿಕೆಟ್ಟೂ ಕಷ್ಟ, 1ನೇ ಗುಂಡಿಯ ಕಟಕಟೆ ಸಿಗುವುದಂತೂ ಇನ್ನೂ ಕಷ್ಟ.